ರೇಷ್ಮೆಗೂಡಿನ ದುಡ್ಡು ಒಂದೇ ದಿನಕ್ಕೆ ಕರಗುತ್ತದೆ, ಹಾಲಿನ ದುಡ್ಡು ಕರಗುವುದಿಲ್ಲ. ಯಾಕೆ?

ಹಿಪ್ಪುನೇರಳೆ (ಶಿಡ್ಲಘಟ್ಟ)

ಎಲ್ಲರಿಗೂ ನಮಸ್ಕಾರ. ನಮ್ಮದು ಶಿಡ್ಲಘಟ್ಟದಿಂದ ಏಳು ಕಿಲೋಮೀಟರ್ ಒಳಗಿರುವ ಊರು. ಎರಡು ಎಕರೆ ಹಿಪ್ಪುನೇರಳೆ ತೋಟ ಇದೆ, ಎರಡು ಸೀಮೆಹಸು ಇವೆ. ರೇಷ್ಮೆ ಹುಳು ಮೇಯಿಸುವುದು ನಾನೂ ನಮ್ಮ ಯಜಮಾನರೂ. ಒಂದು ವಿಷಯ ತುಂಬ ದಿನದಿಂದ ತಲೆಯಲ್ಲಿ ಕೊರೆಯುತ್ತಿದೆ. ಮನೆಯಲ್ಲಿ ಹೇಳಿದರೆ ಜಗಳ ಆಗುತ್ತದೆ. ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ.

ಹೋದ ಬೆಳೆಗೆ 150 ಮೊಟ್ಟೆ ಚಾಕಿ, ಅಂದರೆ ಸಾಕಿ ಕೊಡುವ ಮರಿಹುಳು, ತಂದಿದ್ದೆವು. ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪಿಗೆ ನಾವು ಒಂದು ಮೊಟ್ಟೆ ಅನ್ನುತ್ತೇವೆ. 108 ಕೆಜಿ ಗೂಡು ಆಯಿತು. ಮಾರ್ಕೆಟ್‌ನಲ್ಲಿ ಕೆಜಿಗೆ ₹560 ಸಿಕ್ಕಿತು. ಒಟ್ಟು ₹60,480. ಚಾಕಿ, ಕೂಲಿ, ಗೊಬ್ಬರ, ಔಷಧಿ, ವ್ಯಾನ್ ಬಾಡಿಗೆ ಎಲ್ಲ ಸೇರಿ ₹21,000 ಖರ್ಚು ಅಂತ ಬರೆದಿಟ್ಟಿದ್ದೆ. ಮಗಳ ಕಾಲೇಜು ಫೀಸಿಗೆ ₹12,000 ಬೇಕಿತ್ತು. ಸೊಸೈಟಿ ಸಾಲದ ಕಂತು ಬೇರೆ ಇತ್ತು. ಎಲ್ಲವೂ ಲೆಕ್ಕದಲ್ಲಿತ್ತು.

ಮೂರು ದಿನ ಆದ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋದೆ. ಹೋಗಿದ್ದು ಎರಡೇ ಕೆಲಸಕ್ಕೆ. ಕುಕ್ಕರ್‌ಗೆ ಗ್ಯಾಸ್ಕೆಟ್ ತರಬೇಕು, ಮಗಳಿಗೆ ಶೂ ತರಬೇಕು. ಗ್ಯಾಸ್ಕೆಟ್‌ಗೆ ₹90. ಪಾತ್ರೆ ಅಂಗಡಿಯವರು ಹಳೆ ಕುಕ್ಕರ್ ಕೊಟ್ಟರೆ ಹೊಸದಕ್ಕೆ ₹500 ಕಡಿಮೆ ಮಾಡುತ್ತೇವೆ, ಈ ವಾರ ಮಾತ್ರ ಅಂದರು. ಹಳೆಯದು ನನ್ನ ಕೈಯಲ್ಲೇ ಇತ್ತು, ಅಳತೆಗೆ ಅಂತ ತೆಗೆದುಕೊಂಡು ಹೋಗಿದ್ದೆ. ಗಟ್ಟಿಯಾಗಿದ್ದ ಕುಕ್ಕರ್. ಕೊಟ್ಟುಬಿಟ್ಟೆ. ಹೊಸದಕ್ಕೆ ₹2,350. ಪಕ್ಕದಲ್ಲೇ ಮೂರು ನಾನ್‌ಸ್ಟಿಕ್ ಬಾಣಲೆಯ ಸೆಟ್ ಇಟ್ಟಿದ್ದರು, ₹1,799. ಅದೂ ಬಂತು. ಆಮೇಲೆ ಶೂ ₹899. ಬಸ್‌ಸ್ಟ್ಯಾಂಡಿಗೆ ಬರುವ ದಾರಿಯಲ್ಲಿ ಜವಳಿ ಅಂಗಡಿ. ಸುಮ್ನೆ ನೋಡೋಣ ಅಂತ ಹತ್ತಿದೆ. ₹3,850ರ ಸೀರೆ. ಒಟ್ಟು ₹8,898. ಬಸ್ಸಿನಲ್ಲಿ ಕೂತು ಕೂಡಿಸಿದಾಗ ಹೊಟ್ಟೆಯಲ್ಲಿ ಒಂಥರಾ ಆಯಿತು.

ಫೀಸಿಗೆ ಕಡಿಮೆ ಬಿತ್ತು. ಸಂಘದಲ್ಲಿ ₹6,000 ಸಾಲ ತೆಗೆದು ಕಟ್ಟಿದೆ. ಮಗಳಿಗೆ ಗೊತ್ತಾಯಿತು. ಅವಳು ಏನೂ ಅನ್ನಲಿಲ್ಲ. ಅದೇ ನನಗೆ ಜಾಸ್ತಿ ನೋವು.

ಈಗ ನನ್ನ ಪ್ರಶ್ನೆ ಕೇಳಿ. ಡೇರಿಯಲ್ಲಿ ಹದಿನೈದು ದಿನಕ್ಕೊಮ್ಮೆ ಬಟವಾಡೆ ಆಗುತ್ತದೆ. ಫೀಡ್ ಮೂಟೆ ದುಡ್ಡು ಹಿಡಿದುಕೊಂಡು ನನ್ನ ಕೈಗೆ ₹4,300 ಬರುತ್ತದೆ. ಅದರಲ್ಲಿ ಒಂದು ರೂಪಾಯಿ ಆಚೀಚೆ ಆಗುವುದಿಲ್ಲ. ಈರುಳ್ಳಿಗೆ ಐದು ರೂಪಾಯಿ ಕಡಿಮೆ ಮಾಡಿ ಅಂತ ಹತ್ತು ನಿಮಿಷ ನಿಲ್ಲುತ್ತೇನೆ. ಆಟೋಗೆ ₹20 ಕೊಡಬೇಕಲ್ಲ ಅಂತ ಬಿಸಿಲಲ್ಲಿ ನಡೆಯುತ್ತೇನೆ. ಗೃಹಲಕ್ಷ್ಮಿಯ ₹2,000 ಬಂದರೆ ಅದು ಅತ್ತೆಯ ಮಾತ್ರೆಗೆ ಮತ್ತು ಚೀಟಿಗೆ, ಬೇರೆ ಯಾವುದಕ್ಕೂ ಮುಟ್ಟುವುದಿಲ್ಲ. ಅದೇ ಕೈ, ಅದೇ ತಲೆ. ಗೂಡಿನ ದುಡ್ಡು ಬಂದಾಗ ಮಾತ್ರ ಬೇರೆ ಯಾರೋ ಆಗಿಬಿಡುತ್ತೇನೆ. ಇದು ಮೂರನೇ ಸಲ. ನನಗೆ ಬುದ್ಧಿವಾದ ಬೇಡ, ಕಾರಣ ಬೇಕು.

ಕೋಲಾರದ ಮೇಷ್ಟ್ರು

ಅಮ್ಮಾ, ನಾನು ಕೋಲಾರದಲ್ಲಿ ಪಿಯು ಮಕ್ಕಳಿಗೆ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ನೀವು ಬರೆದದ್ದನ್ನು ಎರಡು ಸಲ ಓದಿದೆ. ರಿಚರ್ಡ್ ಥೇಲರ್ ಅನ್ನುವ ಅರ್ಥಶಾಸ್ತ್ರಜ್ಞರು 1985ರಲ್ಲಿ ಇದೇ ವಿಷಯದ ಮೇಲೆ ಬರೆದರು. 2017ರಲ್ಲಿ ಅವರಿಗೆ ನೊಬೆಲ್ ಬಂತು. ಅವರು ಹೇಳುವುದು ಇಷ್ಟು. ನೋಟಿಗೆ ಬಣ್ಣ ಒಂದೇ ಆದರೂ ಮನಸ್ಸಿನಲ್ಲಿ ದುಡ್ಡು ಒಂದೇ ರಾಶಿಯಲ್ಲಿ ಇರುವುದಿಲ್ಲ. ಬೇರೆ ಬೇರೆ ಡಬ್ಬಿಗಳಲ್ಲಿ ಇರುತ್ತದೆ. ಎಲ್ಲಿಂದ ಬಂತು ಅನ್ನುವುದರ ಮೇಲೆ ಡಬ್ಬಿ ಗೊತ್ತಾಗುತ್ತದೆ. ಯಾವ ಡಬ್ಬಿ ಅನ್ನುವುದರ ಮೇಲೆ ಖರ್ಚು ಗೊತ್ತಾಗುತ್ತದೆ. ಹಾಲಿನ ಡಬ್ಬಿ, ಗೃಹಲಕ್ಷ್ಮಿ ಡಬ್ಬಿ, ಗೂಡಿನ ಡಬ್ಬಿ. ನೀವೇ ಮೂರೂ ಬರೆದಿದ್ದೀರಿ.

ಅದಕ್ಕೂ ಮೊದಲು, 1981ರಲ್ಲಿ, ಡೇನಿಯಲ್ ಕಾನಮನ್ ಮತ್ತು ಅಮೋಸ್ ಟ್ವರ್ಸ್ಕಿ ಅನ್ನುವ ಮನಶ್ಶಾಸ್ತ್ರಜ್ಞರು ಜನರಿಗೆ ಒಂದು ಪ್ರಶ್ನೆ ಕೇಳಿದ್ದರು. ನಾಟಕಕ್ಕೆ ಹೋಗಿದ್ದೀರಿ, ಟಿಕೆಟ್ 10 ಡಾಲರ್. ದಾರಿಯಲ್ಲಿ 10 ಡಾಲರ್ ನೋಟು ಕಳೆದುಹೋಗಿದೆ. ಆದರೂ ಟಿಕೆಟ್ ಕೊಳ್ಳುತ್ತೀರಾ? 100ಕ್ಕೆ 88 ಜನ ಹೌದು ಅಂದರು. ಇನ್ನೊಂದು ಗುಂಪಿಗೆ ಕೇಳಿದ್ದು ಬೇರೆ. ಮೊದಲೇ ಕೊಂಡಿದ್ದ 10 ಡಾಲರ್ ಟಿಕೆಟ್ ಕಳೆದುಹೋಗಿದೆ, ಇನ್ನೊಂದು ಕೊಳ್ಳುತ್ತೀರಾ? ಹೌದು ಅಂದವರು 46 ಮಾತ್ರ. ಎರಡರಲ್ಲೂ ಹೋದದ್ದು ಹತ್ತೇ ಡಾಲರ್. ಆದರೆ ಕಳೆದ ಟಿಕೆಟ್ 'ನಾಟಕ'ದ ಡಬ್ಬಿಯಿಂದ ಹೋಯಿತು. ಕಳೆದ ನೋಟು ಯಾವ ಡಬ್ಬಿಗೂ ಸೇರಿರಲಿಲ್ಲ.

ನಿಮ್ಮ ಈರುಳ್ಳಿಯ ಐದು ರೂಪಾಯಿಗೂ ಅವರ ಹತ್ತಿರ ಉತ್ತರ ಇದೆ. 15 ಡಾಲರ್‌ನ ಕ್ಯಾಲ್ಕುಲೇಟರ್ ಇನ್ನೊಂದು ಅಂಗಡಿಯಲ್ಲಿ 5 ಡಾಲರ್ ಕಡಿಮೆಗೆ ಸಿಗುತ್ತದೆ ಅಂದರೆ 20 ನಿಮಿಷ ಗಾಡಿ ಓಡಿಸಿಕೊಂಡು ಹೋಗುತ್ತೇವೆ ಅಂದವರು 68 ಜನ. 125 ಡಾಲರ್‌ನ ವಸ್ತುವಿಗೆ ಅದೇ 5 ಡಾಲರ್ ಕಡಿಮೆ ಅಂದಾಗ ಹೋಗುವವರು 29 ಜನ. ಉಳಿಯುವುದು ಅಷ್ಟೇ. ಆದರೆ ದೊಡ್ಡ ಮೊತ್ತದ ಪಕ್ಕದಲ್ಲಿ ಸಣ್ಣದು ಕಾಣುವುದೇ ಇಲ್ಲ. ₹60,480 ತಲೆಯಲ್ಲಿ ಇರುವಾಗ ₹1,799 ಬಾಣಲೆ ಹೇಗೆ ಕಾಣಬೇಕು ಹೇಳಿ? ₹4,300ರ ಪಕ್ಕದಲ್ಲಿ ₹20 ಆಟೋ ದೊಡ್ಡದೇ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಡಬ್ಬಿ ಮಾಡಿಕೊಳ್ಳುವುದು ದಡ್ಡತನ ಅಲ್ಲ. ನಿಮ್ಮ ಮನೆ ನಡೆಯುತ್ತಿರುವುದೇ ಹಾಲಿನ ಡಬ್ಬಿಗೆ ನೀವು ಹಾಕಿರುವ ಮುಚ್ಚಳದಿಂದ. ಗೂಡಿನ ಡಬ್ಬಿಗೆ ಮುಚ್ಚಳ ಇಲ್ಲ, ಅಷ್ಟೇ. ಹೋದ ವರ್ಷ ನನಗೆ ತುಟ್ಟಿಭತ್ಯೆ ಬಾಕಿ ಒಟ್ಟಿಗೆ ಬಂತು. ಸಂಬಳದಲ್ಲಿ ತಿಂಗಳು ತಿಂಗಳು ಬಂದಿದ್ದರೆ ನಾನು ಟಿವಿ ತರುತ್ತಿರಲಿಲ್ಲ.

ಜವಳಿ ಹಳಬ (ಚಿಕ್ಕಬಳ್ಳಾಪುರ)

ತಾಯಿ, ನಾನು 28 ವರ್ಷ ಸೀರೆ ಕೌಂಟರ್‌ನಲ್ಲಿ ಕೆಲಸ ಮಾಡಿದವನು. ಈಗ ಮಂಡಿ ನೋವು, ಬಿಟ್ಟಿದ್ದೇನೆ. ಮೇಷ್ಟ್ರು ತಲೆಯ ಒಳಗಿನದು ಹೇಳಿದರು. ಕೌಂಟರ್ ಈಚೆಯದು ನಾನು ಹೇಳುತ್ತೇನೆ. ಯಾವ ಅಂಗಡಿ ಅಂತ ಕೇಳಬೇಡಿ. ಎಲ್ಲ ಕಡೆ ಕೆಲಸ ಒಂದೇ ಥರ.

ಗಿರಾಕಿ ಮೆಟ್ಟಿಲು ಹತ್ತುವಾಗಲೇ ನೋಡುತ್ತೇವೆ. ಗೂಡು ಮಾರಿದವರು ಗೊತ್ತಾಗುತ್ತಾರೆ. ಬೆರಳ ತುದಿಯಲ್ಲಿ ಸೊಪ್ಪಿನ ಕರೆ ಇರುತ್ತದೆ, ಕಣ್ಣಲ್ಲಿ ನಿದ್ದೆ ಇರುತ್ತದೆ. ಕೂರಿಸಿ, ನೀರು ಕೊಟ್ಟು, 'ಬೆಳೆ ಹೇಗಾಯಿತಮ್ಮ?' ಅಂತ ಕೇಳುತ್ತೇವೆ. ಚೆನ್ನಾಗಾಯಿತು ಅಂದರೆ ಯಾವ ಕಪಾಟಿನಿಂದ ಸೀರೆ ತೆಗೆಯಬೇಕು ಅಂತ ಅಲ್ಲೇ ನಿರ್ಧಾರ ಆಯಿತು.

ನಾನು ಕೆಲಸಕ್ಕೆ ಸೇರಿದಾಗ ಹಿರಿಯರು ಹೇಳಿಕೊಟ್ಟ ಮೊದಲ ಪಾಠ, 'ಎಷ್ಟರಲ್ಲಿ ಬೇಕು ಅಂತ ನೀನಾಗಿ ಕೇಳಬೇಡ.' ಕೇಳಿದರೆ ₹1,500 ಅಂತಾರೆ, ಅಲ್ಲಿಗೆ ಕಟ್ಟಿಹಾಕಿದ ಹಾಗೆ. ಕೇಳದೆ ಮೊದಲು ₹6,500ರದ್ದು ಬಿಚ್ಚಬೇಕು. ಯಾರೂ ಅದನ್ನು ಕೊಳ್ಳಲಿ ಅಂತ ಬಿಚ್ಚುವುದಲ್ಲ. ಅದನ್ನು ನೋಡಿದ ಕಣ್ಣಿಗೆ ಆಮೇಲೆ ₹3,850 ಹಗುರ ಕಾಣುತ್ತದೆ. ₹900ರದ್ದು ಮೊದಲು ಬಿಚ್ಚಿದ್ದರೆ ಅದೇ ₹3,850 ಬೆಟ್ಟದ ಹಾಗೆ ಕಾಣುತ್ತಿತ್ತು. ನಿಮಗೆ ತೋರಿಸಿದ ಮೊದಲ ಸೀರೆ ಎಷ್ಟರದ್ದು, ನೆನಪಿದೆಯಾ?

ಎರಡನೆಯದು, ಬೇಡ ಅಂದ ಸೀರೆಯನ್ನು ಎದುರಿಗೆ ಬಿಡಬಾರದು. ಐವತ್ತು ಸೀರೆ ಹರಡಿಕೊಂಡರೆ ಜನ ತಲೆ ಕೆಟ್ಟು ಎದ್ದು ಹೋಗುತ್ತಾರೆ. ಮಡಿಸಿ ಹಿಂದೆ ಹಾಕುತ್ತಾ ಬರಬೇಕು. ಕೊನೆಗೆ ಮೂರು ಉಳಿಯಬೇಕು. ಆಗ ಮನಸ್ಸಿನಲ್ಲಿ 'ಕೊಳ್ಳಲಾ ಬೇಡವಾ' ಅನ್ನುವ ಪ್ರಶ್ನೆ ಹೋಗಿ 'ಮೂರರಲ್ಲಿ ಯಾವುದು' ಅನ್ನುವುದು ಬಂದಿರುತ್ತದೆ. ಅಲ್ಲಿಗೆ ಬಂದವರು ಬರಿಗೈಯಲ್ಲಿ ಹೋಗಿದ್ದು ನಾನು ನೋಡಿದ್ದು ತುಂಬ ಕಡಿಮೆ.

ಮೂರನೆಯದೇ ದೊಡ್ಡದು. ಸೆರಗನ್ನು ಹೆಗಲ ಮೇಲೆ ಹಾಕಿ ಕನ್ನಡಿ ಮುಂದೆ ನಿಲ್ಲಿಸುವುದು. ಕೈಯಲ್ಲಿ ಇರುವ ತನಕ ಅದು ಅಂಗಡಿಯ ಸೀರೆ. ಹೆಗಲಿಗೆ ಬಿದ್ದ ಮೇಲೆ ನಿಮ್ಮ ಸೀರೆ. ತೆಗೆದಿಡಿ ಅನ್ನುವುದು ನಿಮ್ಮದನ್ನು ಕಿತ್ತುಕೊಂಡ ಹಾಗೆ ಇರುತ್ತದೆ. ಜೊತೆಗೆ ಬಂದವರ ಹತ್ತಿರ 'ನಿಮಗೆ ಒಪ್ಪುತ್ತದೆ' ಅಂತ ಒಂದು ಮಾತು ಹೇಳಿಸಿದರೆ ಮುಗಿಯಿತು.

ಪಾತ್ರೆ ಅಂಗಡಿಯ ಎಕ್ಸ್‌ಚೇಂಜ್ ಬಗ್ಗೆಯೂ ಹೇಳಿಬಿಡುತ್ತೇನೆ. ಚೆನ್ನಾಗಿರುವುದನ್ನು ಮನೆಯಲ್ಲಿಟ್ಟುಕೊಂಡು ಹೊಸದು ತರಲು ನಮ್ಮ ಹೆಣ್ಣುಮಕ್ಕಳಿಗೆ ಮನಸ್ಸು ಬರುವುದಿಲ್ಲ. ಅಂಗಡಿಯವರು ಆ ಹಳೆಯದನ್ನು ತೆಗೆದುಕೊಂಡಾಗ ಆ ಅಳುಕೇ ಹೋಗುತ್ತದೆ. ಆ ₹500 ಹಳೆ ಕುಕ್ಕರ್‌ನ ಬೆಲೆ ಅಲ್ಲ ತಾಯಿ, ಅಳುಕಿನ ಬೆಲೆ.

ನಾವು ಯಾರಿಗೂ ಸುಳ್ಳು ಹೇಳಲಿಲ್ಲ, ಹರಿದ ಸೀರೆ ಕೊಡಲಿಲ್ಲ. ಆದರೂ ನಿಮ್ಮ ಮಗಳು ಏನೂ ಅನ್ನಲಿಲ್ಲ ಅನ್ನುವ ಸಾಲು ಓದಿ ರಾತ್ರಿ ನಿದ್ದೆ ಬರಲಿಲ್ಲ. ಮುಂದಿನ ಸಲ ಹೋದಾಗ ಕೂರುವ ಮೊದಲೇ ಹೇಳಿ, '₹1,500ರ ಒಳಗಿನದು ತೋರಿಸಿ, ಮೇಲಿನದು ಬಿಚ್ಚಬೇಡಿ.' ಬೆಲೆ ಒಪ್ಪುವ ತನಕ ಹೆಗಲಿಗೆ ಹಾಕಿಸಿಕೊಳ್ಳಬೇಡಿ.

ಪಾರ್ಸೆಲ್ ಹುಡುಗ (ಚಿಂತಾಮಣಿ)

ಅಕ್ಕ, ನಾನು ಚಿಂತಾಮಣಿ ಸುತ್ತಮುತ್ತ ಆನ್‌ಲೈನ್ ಪಾರ್ಸೆಲ್ ಕೊಡುವ ಕೆಲಸ ಮಾಡುತ್ತೇನೆ. ದಿನಕ್ಕೆ ಅರವತ್ತು ಎಪ್ಪತ್ತು ಮನೆ. ನಾನು ಕಣ್ಣಾರೆ ನೋಡುವುದು ಹೇಳುತ್ತೇನೆ.

ಫೋನಿನಲ್ಲೇ ಮೊದಲು ದುಡ್ಡು ಕಟ್ಟಿರುವವರು ಪಾರ್ಸೆಲ್ ಈಸಿಕೊಂಡು ಬಾಗಿಲು ಹಾಕುತ್ತಾರೆ. ಕೈಗೆ ಬಂದ ಮೇಲೆ ದುಡ್ಡು ಕೊಡುವವರು ಬೇರೆ ಥರ. ಪರ್ಸ್ ತೆಗೆಯುತ್ತಾರೆ, ನೋಟು ಎಣಿಸುತ್ತಾರೆ, ನಿಲ್ಲುತ್ತಾರೆ. 'ಇದು ಈಗ ಬೇಕಾ?' ಅಂತ ಒಳಗಿನಿಂದ ಯಾರಾದರೂ ಕೇಳುತ್ತಾರೆ. 'ವಾಪಸ್ ತಗೊಂಡು ಹೋಗಪ್ಪ' ಅಂತಾರೆ. ಬುಕ್ ಮಾಡುವಾಗ ಆಸೆ ಅದೇ ಇತ್ತು. ನೋಟು ಕೈ ಬಿಡುವ ಹೊತ್ತಿಗೆ ಮಾತ್ರ ನೋವು ಗೊತ್ತಾಗುತ್ತದೆ. ಅಕ್ಕ, ನೀವು ಚಿಕ್ಕಬಳ್ಳಾಪುರದಲ್ಲಿ ಫೋನಿನಲ್ಲಿ ಸ್ಕ್ಯಾನ್ ಮಾಡಿದಿರಾ, ನೋಟು ಕೊಟ್ಟಿರಾ?

ಇನ್ನೊಂದು. ಆ್ಯಪ್‌ಗಳಲ್ಲಿ 'ಇನ್ನು ಎರಡೇ ಉಳಿದಿದೆ', 'ಹತ್ತು ನಿಮಿಷದಲ್ಲಿ ಆಫರ್ ಮುಗಿಯುತ್ತದೆ' ಅಂತ ಗಡಿಯಾರ ಓಡಿಸುತ್ತಾರಲ್ಲ, ಅದು ಸುಳ್ಳಾಗಿದ್ದರೆ ಕಾನೂನಿಗೆ ವಿರುದ್ಧ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥ 13 ಮೋಸದ ತಂತ್ರಗಳನ್ನು ಪಟ್ಟಿ ಮಾಡಿ ನಿಯಮ ತಂದಿದೆ. ನಾವು ಕೇಳದೇ ಬುಟ್ಟಿಗೆ ಇನ್ನೊಂದು ಸಾಮಾನು ಸೇರಿಸುವುದು, ಕೊನೆಯ ಪುಟದಲ್ಲಿ ಹೊಸ ಚಾರ್ಜ್ ತೋರಿಸುವುದು, ಬೇಡ ಅಂದರೆ ನಾಚಿಕೆ ಆಗುವ ಹಾಗೆ ಬರೆಯುವುದು ಎಲ್ಲ ಅದರಲ್ಲಿದೆ. 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ನಮ್ಮ ಕಡೆ ಯಾರಿಗೂ ಈ ನಂಬರ್ ಗೊತ್ತಿಲ್ಲ, ದಯವಿಟ್ಟು ಬರೆದಿಟ್ಟುಕೊಳ್ಳಿ.

ಕೋಲಾರದ ಮೇಷ್ಟ್ರು

ಪಾರ್ಸೆಲ್ ಹುಡುಗ ಹೇಳಿದ್ದು ಪ್ರಯೋಗದಲ್ಲೂ ಕಂಡಿದೆ. ಪ್ರೆಲೆಕ್ ಮತ್ತು ಸೈಮೆಸ್ಟರ್ ಅನ್ನುವವರು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಬ್ಯಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್ ಹರಾಜು ಹಾಕಿದರು. ಕಾರ್ಡಿನಲ್ಲಿ ಕಟ್ಟಬೇಕಾದವರು ನಗದು ಕೊಡಬೇಕಾದವರಿಗಿಂತ ಸುಮಾರು ಎರಡರಷ್ಟು ಕೂಗಿದರು. 2001ರಲ್ಲಿ ಅದು ಪ್ರಕಟವಾಯಿತು. ಜವಳಿ ಅಣ್ಣನವರ ಮಾತಿಗೂ ಜೋಡಿ ಇದೆ. 2000ದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅಂಗಡಿಯೊಂದರಲ್ಲಿ 24 ಬಗೆಯ ಜಾಮ್ ಇಟ್ಟಾಗ ನಿಂತು ನೋಡಿದವರಲ್ಲಿ ನೂರಕ್ಕೆ 3 ಜನ ಕೊಂಡರು, 6 ಬಗೆ ಇಟ್ಟಾಗ 30 ಜನ. ಮುಂದೆ ಬೇರೆಯವರು ಮಾಡಿ ನೋಡಿದಾಗ ಎಲ್ಲ ಕಡೆ ಇದೇ ಥರ ಬರಲಿಲ್ಲ, ಅದನ್ನೂ ಹೇಳಬೇಕು. ಸೀರೆ ಕೌಂಟರ್‌ನ 28 ವರ್ಷವನ್ನು ನಾನು ಅದಕ್ಕಿಂತ ಜಾಸ್ತಿ ನಂಬುತ್ತೇನೆ.

ಶ್ರೀನಿವಾಸಪುರದವಳು

ಎಲ್ಲರೂ ಚೆನ್ನಾಗಿ ಹೇಳಿದ್ದೀರಿ. ಆದರೆ ನನಗೆ ಒಂದು ಕಡೆ ಒಪ್ಪಿಗೆ ಇಲ್ಲ. 2023ರ ಜುಲೈನಲ್ಲಿ ಕೋಲಾರ ಮಾರ್ಕೆಟ್‌ನಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ ₹2,000 ದಾಟಿತಲ್ಲ, ಆವಾಗ ನಮ್ಮೂರಲ್ಲಿ ಗಂಡಸರು ಬೈಕ್ ತಂದರು, ಒಬ್ಬರು ಕಾರಿಗೆ ಅಡ್ವಾನ್ಸ್ ಕೊಟ್ಟರು. ಯಾರೂ ಅದನ್ನು ತಪ್ಪು ಅನ್ನಲಿಲ್ಲ, ಮಾತೂ ಆಡಲಿಲ್ಲ. ಅಕ್ಕ ಒಂದು ಸೀರೆ ತಂದಿದ್ದಕ್ಕೆ ಇಷ್ಟು ಲೆಕ್ಕ.

ಅಕ್ಕಾ, ನಿಮ್ಮ ಕೊನೆಯ ಹೊಸ ಸೀರೆ ಯಾವಾಗ ತಂದಿದ್ದು? ಹಬ್ಬಕ್ಕೆ ಬಂದದ್ದು, ಮದುವೆಯಲ್ಲಿ ಕೊಟ್ಟದ್ದು ಬಿಡಿ. ನೀವೇ ಆರಿಸಿಕೊಂಡದ್ದು? ನಾವೂ ಮೊದಲು ಹುಳು ಮೇಯಿಸುತ್ತಿದ್ದೆವು. ನನಗೆ ಗೊತ್ತು ಆ ದಿನಗಳು ಹೇಗಿರುತ್ತವೆ ಅಂತ. ಡಬ್ಬಿ, ಕನ್ನಡಿ ಎಲ್ಲ ಸರಿ. ಅದರ ಜೊತೆ ಇದನ್ನೂ ಸೇರಿಸಿ ನೋಡಿ.

ಹಿಪ್ಪುನೇರಳೆ (ಶಿಡ್ಲಘಟ್ಟ)

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ನಡುವೆ ಇನ್ನೊಂದು ಬೆಳೆ ಆಯಿತು. ನಿಮ್ಮೆಲ್ಲರ ಮಾತನ್ನು ಹುಳು ಮನೆಯಲ್ಲಿ ಸೊಪ್ಪು ಹಾಕುವಾಗ ಯೋಚಿಸುತ್ತಿದ್ದೆ.

ಜವಳಿ ಅಣ್ಣ, ಮೊದಲು ತೋರಿಸಿದ್ದು ₹7,200ರ ಸೀರೆ. ನೀವು ಕೇಳಿದ ಮೇಲೆ ನೆನಪಾಯಿತು. ಪಾರ್ಸೆಲ್ ತಮ್ಮ, ಮೂರೂ ಅಂಗಡಿಯಲ್ಲಿ ಫೋನಿನಲ್ಲೇ ಕಟ್ಟಿದ್ದು. ಗೂಡಿನ ದುಡ್ಡು ಈಗ ಬ್ಯಾಂಕಿಗೆ ಬರುತ್ತದೆ, ಕೈಗೆ ನೋಟು ಬರುವುದೇ ಇಲ್ಲ. ಹಾಲಿನದ್ದನ್ನು ಮಾತ್ರ ನಾನು ಪ್ರತಿ ಸಲ ನೋಟಾಗಿ ಬಿಡಿಸಿಕೊಂಡು ಬರುತ್ತೇನೆ. ಇದು ನನಗೆ ಹೊಳೆದೇ ಇರಲಿಲ್ಲ.

ಶ್ರೀನಿವಾಸಪುರದ ತಂಗಿ, ನಿಮ್ಮ ಪ್ರಶ್ನೆಗೆ ಉತ್ತರ ಹುಡುಕಲು ಟ್ರಂಕ್ ತೆಗೆದೆ. ನಾನೇ ಆರಿಸಿದ ಸೀರೆ ಇದಕ್ಕೆ ಮೊದಲು ಒಂದೇ ಇತ್ತು. ಮಗಳು ಆಗ ಮೂರನೇ ಕ್ಲಾಸು.

ಚಾಕಿ ತಂದ ದಿನದಿಂದ ಗೂಡು ಬಿಡಿಸುವ ತನಕ 23-24 ದಿನ. ಆ ದಿನಗಳಲ್ಲಿ ಹೊರಗಿನವರನ್ನು ಹುಳು ಮನೆಗೆ ಸೇರಿಸುವುದಿಲ್ಲ, ರೋಗ ಬರುತ್ತದೆ ಅಂತ. ನಾವೂ ಯಾರ ಮನೆಗೂ ಹೋಗುವುದಿಲ್ಲ. ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ನಿದ್ದೆ) ಎದ್ದ ಮೇಲೆ ರಾತ್ರಿ 11ಕ್ಕೆ ಸೊಪ್ಪು ಹಾಕಿ ಮಲಗಿದರೆ ಬೆಳಿಗ್ಗೆ 5ಕ್ಕೆ ಏಳಬೇಕು. ಹುಳುವಿಗೆ ಸಪ್ಪೆ ರೋಗ ಬಂದರೆ ಎಲ್ಲವನ್ನೂ ಗುಂಡಿ ತೋಡಿ ಹಾಕಬೇಕು. ಕೂತು ಊಟ ಮಾಡಿದ ನೆನಪೇ ಇರುವುದಿಲ್ಲ. ಆವತ್ತು ಚಿಕ್ಕಬಳ್ಳಾಪುರದ ಅಂಗಡಿಯಲ್ಲಿ 'ಬನ್ನಿ ಅಮ್ಮ, ಕೂತ್ಕೊಳ್ಳಿ' ಅಂತ ಕುರ್ಚಿ ಎಳೆದರು. ಫ್ಯಾನ್ ಹಾಕಿದರು. ಟೀ ಬಂತು. ಬೆಳೆ ಹೇಗಾಯಿತು ಅಂತ ಕೇಳಿದರು. ಅಷ್ಟು ದಿನದಲ್ಲಿ ನನಗೆ ಕೂತ್ಕೋ ಅಂದವರು ಅವರೇ ಮೊದಲು. ಕುರ್ಚಿಯಿಂದ ಬರಿಗೈಯಲ್ಲಿ ಏಳಲು ನನಗೆ ಆಗಲಿಲ್ಲ. ಇದನ್ನು ಯಜಮಾನರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಈ ಬೆಳೆಯಲ್ಲಿ ರಾತ್ರಿ ಸೊಪ್ಪು ಅವರೇ ಹಾಕಿದರು.

ಈ ಸಲ 112 ಕೆಜಿ ಆಯಿತು. ಮೊದಲ ಸುತ್ತಿನ ಹರಾಜಿನಲ್ಲಿ ₹530 ಬಂತು. ಹೋದ ಸಲ ₹560 ಇತ್ತಲ್ಲ ಅಂತ ನಾವು ಒಪ್ಪಲಿಲ್ಲ. ಎರಡನೇ ಸುತ್ತಿಗೆ ಬಿಟ್ಟೆವು, ₹518ಕ್ಕೆ ಇಳಿಯಿತು. ಕೊಟ್ಟು ಬಂದೆವು. ವ್ಯಾನ್‌ನಲ್ಲಿ ಬರುವಾಗ ಅನ್ನಿಸಿತು, ₹7,200ರ ಸೀರೆ ಮೊದಲು ನೋಡಿದ ಕಣ್ಣಿಗೂ ₹560 ನೋಡಿದ ನಮ್ಮ ಕಣ್ಣಿಗೂ ವ್ಯತ್ಯಾಸ ಇಲ್ಲ. ಆವತ್ತಿನ ಮಾರ್ಕೆಟ್‌ಗೆ ನಮ್ಮ ಹೋದ ತಿಂಗಳ ರೇಟು ಯಾಕೆ ಬೇಕು? ಮೇಷ್ಟ್ರೇ, ಇದಕ್ಕೂ ಒಂದು ಹೆಸರು ಇರಬೇಕಲ್ವಾ? ಬಿಡುವಾದಾಗ ಬರೆಯಿರಿ.

ದುಡ್ಡು ಬಂದ ದಿನವೇ ಸಂಘದ ಸಾಲದಲ್ಲಿ ₹4,000 ತೀರಿಸಿದೆ. ಮುಂದಿನ ಫೀಸಿಗೆ ಪೋಸ್ಟ್ ಆಫೀಸಿನಲ್ಲಿ ಆರ್‌ಡಿ ಶುರು ಮಾಡಿದೆ, ಪುಸ್ತಕ ಮಗಳ ಕೈಯಲ್ಲಿದೆ. ₹2,000 ಬೇರೆ ತೆಗೆದು ನೋಟಾಗಿ ಇಟ್ಟುಕೊಂಡೆ. ಅದು ನನ್ನದು, ಯಾರಿಗೂ ಲೆಕ್ಕ ಕೊಡುವುದಿಲ್ಲ.

ಮೊನ್ನೆ ಅತ್ತೆಗೆ ಸೀರೆ ತರಲು ಅದೇ ಜವಳಿ ಅಂಗಡಿಗೆ ಹೋದೆ. ನೀವು ಹೇಳಿದ ಹಾಗೆ ಬಾಗಿಲಲ್ಲೇ ಹೇಳಿದೆ ಅಣ್ಣ, '₹1,500ರ ಒಳಗೆ, ಮೇಲಿನದು ಬಿಚ್ಚಬೇಡಿ' ಅಂತ. ಎದೆ ಹೊಡೆದುಕೊಳ್ಳುತ್ತಿತ್ತು. ನಾಲ್ಕು ಸೀರೆ ತೋರಿಸಿದರು. ₹1,420ರ ಒಂದು ಹತ್ತಿ ಸೀರೆ ತೆಗೆದುಕೊಂಡೆ. ಬೆಲೆ ಮೊದಲೇ ಹೇಳಿದ ಮೇಲೂ ಕುರ್ಚಿ ಎಳೆದರು, ನೀರು ಕೊಟ್ಟರು.